ಎರಡು-ನಾಲ್ಕೋ, ಎರಡು-ಆರೋ?

ಬೆಂಗಳೂರಿನ ಬಳೇಪೇಟೆಯಲ್ಲಾಗಲಿ, ಊರ ಜಾತ್ರೆಯ ಬಳೆ ಸಾಲಿನಲ್ಲಾಗಲಿ, ಅಂಗಡಿಯ ಮುಂದೆ ನಿಂತ ಕೂಡಲೇ ಬರುವ ಪ್ರಶ್ನೆ ಒಂದೇ: ‘ಎರಡು-ನಾಲ್ಕಾ, ಎರಡು-ಆರಾ?’ ಬಣ್ಣ, ಮಿಂಚು, ಡಿಸೈನಿನ ಮಾತೆಲ್ಲ ಆಮೇಲೆ. ಗೊತ್ತಿಲ್ಲ ಎಂದರೂ ಚಿಂತೆಯಿಲ್ಲ, ಕೈ ಚಾಚಿದರೆ ಸಾಕು. ಪಳಗಿದ ಬಳೆಗಾರ ನಾಲ್ಕೂ ಬೆರಳನ್ನು ಕೂಡಿಸಿ, ಹೆಬ್ಬೆರಳಿನ ಬುಡವನ್ನು ಒಮ್ಮೆ ಒತ್ತಿ ನೋಡುತ್ತಾರೆ. ಮರುಗಳಿಗೆಯಲ್ಲೇ ಸರಿಯಾದ ಡಬ್ಬಿ ಅವರ ಕೈಗೆ ಬಂದಿರುತ್ತದೆ. ಟೇಪಿಲ್ಲ, ಸ್ಕೇಲಿಲ್ಲ. ಮೂಳೆ ಎಷ್ಟು, ಮಾಂಸ ಎಷ್ಟು, ಕೈ ಎಷ್ಟು ಬಾಗೀತು ಎಂಬುದೆಲ್ಲ ಆ ಒಂದು ಒತ್ತಿಗೇ ತಿಳಿದುಬಿಡುತ್ತದೆ.

ಈಗ ಬಳೆ, ಕಡಗ, ಬ್ರೇಸ್‌ಲೆಟ್‌ಗಳನ್ನು ಮೊಬೈಲಿನಲ್ಲೇ ಆರಿಸಿ ತರಿಸಿಕೊಳ್ಳುವವರು ಹೆಚ್ಚು. ಅಲ್ಲಿ ಕೈ ಹಿಡಿದು ನೋಡುವವರು ಯಾರೂ ಇಲ್ಲ. ಹಾಗಾಗಿ ಬಳೆಗಾರರ ಕೈಗೆ ಗೊತ್ತಿರುವ ಲೆಕ್ಕವನ್ನು ನಾವೂ ತುಸು ಕಲಿತಿಟ್ಟುಕೊಳ್ಳುವುದು ಒಳ್ಳೆಯದು.

ಇಂಚು ಮತ್ತು ಹದಿನಾರನೇ ಪಾಲು

ಅಳತೆಯ ಮೊದಲ ಅಂಕಿ ಇಂಚು, ಎರಡನೆಯದು ಇಂಚಿನ ಹದಿನಾರನೇ ಪಾಲು. ಲೆಕ್ಕಕ್ಕೆ ಹಿಡಿಯುವುದು ಬಳೆಯ ಒಳ ಅಂಚಿನಿಂದ ಎದುರಿನ ಒಳ ಅಂಚಿಗಿರುವ ಅಂತರವನ್ನು. ಎರಡು-ನಾಲ್ಕು ಎಂದರೆ ಎರಡು ಇಂಚು ಮತ್ತು ಹದಿನಾರರಲ್ಲಿ ನಾಲ್ಕು ಪಾಲು, ಅಂದರೆ ಎರಡೂಕಾಲು ಇಂಚು. ಸುಮಾರು 57 ಮಿ.ಮೀ. ಎರಡು-ಆರು 60 ಮಿ.ಮೀ.ಗಿಂತ ಕೊಂಚ ಹೆಚ್ಚು. ಎರಡು-ಎಂಟು ಎರಡೂವರೆ ಇಂಚು, 63.5 ಮಿ.ಮೀ.

ಇದನ್ನೇ 2.4, 2.6, 2.8 ಎಂದು ಚುಕ್ಕೆ ಇಟ್ಟು ಬರೆಯುವುದು ರೂಢಿ. ಎಡವುವುದು ಇಲ್ಲೇ. ಚುಕ್ಕೆ ಕಂಡು ದಶಮಾಂಶ ಎಂದು ತಿಳಿದು ಸ್ಕೇಲು ಹಿಡಿದರೆ 2.4 ಇಂಚು ಸುಮಾರು 61 ಮಿ.ಮೀ. ಆಗುತ್ತದೆ, ಅದು ಅಂಗಡಿಯ ಎರಡು-ಆರಕ್ಕಿಂತಲೂ ದೊಡ್ಡದು. ಹಾಗೆಯೇ 2.10 ಎಂದು ಬರೆದಿರುವುದು ಎರಡು-ಹತ್ತು, ಎರಡು-ಎಂಟಕ್ಕಿಂತ ಒಂದು ಅಳತೆ ಮೇಲೆ.

ಇನ್ನು ನಮ್ಮ ಕೈಯ ಅಳತೆ. ಮುಚ್ಚಿದ ಬಳೆ ಕೂರುವುದು ಮಣಿಕಟ್ಟಿನ ಮೇಲಾದರೂ ಅದು ದಾಟಿ ಬರಬೇಕಾದದ್ದು ಗೆಣ್ಣುಗಳನ್ನು. ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಿ, ಅದರ ತುದಿ ಕಿರುಬೆರಳಿನ ಬುಡದತ್ತ ಬರುವಂತೆ ಹಿಡಿಯಿರಿ. ಗೆಣ್ಣುಗಳ ಬಳಿ ಕೈ ಎಲ್ಲಿ ಅತ್ಯಂತ ಅಗಲವೋ ಅಲ್ಲಿ ಟೇಲರ್ ಟೇಪು ಸುತ್ತಿ. ಟೇಪಿಲ್ಲದಿದ್ದರೆ ದಾರ ಸುತ್ತಿ ಸ್ಕೇಲಿಗೆ ಹಿಡಿದರಾಯಿತು. ಸುತ್ತಳತೆ ಸುಮಾರು 17 ಸೆಂ.ಮೀ. ಬಂದರೆ ಎರಡು-ಎರಡು, 18 ಬಂದರೆ ಎರಡು-ನಾಲ್ಕು, 19ಕ್ಕೆ ಎರಡು-ಆರು, 20ಕ್ಕೆ ಎರಡು-ಎಂಟು, 21ಕ್ಕೆ ಎರಡು-ಹತ್ತು. ಒಂದೊಂದು ಅಳತೆಗೂ ಸುತ್ತಿನಲ್ಲಿ ಹೆಚ್ಚುಕಡಿಮೆ ಸರಿಯಾಗಿ ಒಂದು ಸೆಂಟಿಮೀಟರು ಏರುವುದರಿಂದ ಇದನ್ನು ನೆನಪಿಡುವುದು ಸುಲಭ. ಎರಡೂ ಕೈ ಅಳೆಯಿರಿ. ಹೆಚ್ಚು ಕೆಲಸ ಮಾಡುವ ಕೈ ಸಾಮಾನ್ಯವಾಗಿ ಒಂದು ಗುಲಗಂಜಿಯಷ್ಟಾದರೂ ದಪ್ಪವಿರುತ್ತದೆ. ಸೆಕೆಗೆ, ಊಟದ ಉಪ್ಪಿಗೆ, ದಿನದ ದುಡಿಮೆಗೆ ಕೈ ಊದುವುದುಂಟು. ಚಳಿಯ ಬೆಳಗಿನ ಅಳತೆಯೊಂದನ್ನೇ ನಂಬಬೇಡಿ.

ಬಳೆ ಏರುವ ಬಗೆ

ಟೇಪು ಕೊಡುವುದು ಕೈಯ ಸುತ್ತಳತೆಯನ್ನು. ಅದೇ ಕೈ ಎಷ್ಟು ಮಣಿಯುತ್ತದೆ ಎಂಬುದು ಬಳೆಗಾರರಿಗಷ್ಟೇ ಗೊತ್ತು. ಗಾಜಿನ ಬಳೆ ತೊಡಿಸುವುದನ್ನು ಹತ್ತಿರದಿಂದ ನೋಡಬೇಕು. ‘ಕೈ ಸಡ್ಲ ಬಿಡು ತಾಯಿ, ಬಿಗಿ ಹಿಡೀಬ್ಯಾಡ’ ಎಂದು ಮಾತಿಗೆಳೆಯುತ್ತಲೇ ಅವರು ಅಂಗೈಯನ್ನು ಮೆಲ್ಲಗೆ ನಾದುತ್ತಾರೆ. ಎರಡು-ಮೂರು ಬಳೆಗಳನ್ನು ಒಟ್ಟಿಗೆ ಬೆರಳುಗಳ ಮೇಲೆ ತಂದು, ಮೊದಲು ಕಿರುಬೆರಳಿನ ಕಡೆಯ ಗೆಣ್ಣನ್ನು ದಾಟಿಸುತ್ತಾರೆ. ಆಮೇಲೆ ತಮ್ಮ ಹೆಬ್ಬೆರಳಿನಿಂದ ನಮ್ಮ ಹೆಬ್ಬೆರಳಿನ ಬುಡದ ಮಾಂಸವನ್ನು ಒಳಕ್ಕೆ ಒತ್ತಿ ಹಿಡಿದು, ಬಳೆಯನ್ನು ತುಸು ಓರೆಯಾಗಿಸಿ ಜಾರಿಸುತ್ತಾರೆ. ಗಟ್ಟಿ ಕೈಯಾದರೆ ಸೋಪಿನ ನೊರೆಯೋ ಎಣ್ಣೆಯೋ ಬೇಕಾಗುತ್ತದೆ. ಹೀಗೆ ಎರಡು-ಆರರ ಕೈಗೆ ಎರಡು-ನಾಲ್ಕು ಏರಿಸಬಲ್ಲವರಿದ್ದಾರೆ.

ಅಷ್ಟು ಬಿಗಿ ಯಾಕೆ ಎಂಬುದಕ್ಕೂ ಕಾರಣವಿದೆ. ಸಡಿಲವಾದ ಗಾಜಿನ ಬಳೆ ಪಾತ್ರೆಗೆ, ಬಾಗಿಲ ಚಿಲಕಕ್ಕೆ, ಪಕ್ಕದ ಬಳೆಗೆ ಬಡಿದು ಬೇಗ ಒಡೆಯುತ್ತದೆ. ಮೈಗೊತ್ತಿ ಕೂತ ಬಳೆ ಬಹಳ ದಿನ ಬಾಳುತ್ತದೆ. ಬಳೆಗಾರರು ಹೆಗಲ ಮೇಲೆ ಮಲಾರ ಹೊತ್ತು ಮನೆ ಮನೆಗೆ ಬರುತ್ತಿದ್ದ ಕಾಲದಲ್ಲಿ ಒಮ್ಮೆ ತೊಡಿಸಿದ ಬಳೆ ಅವರು ಮತ್ತೆ ಬರುವವರೆಗೆ ಉಳಿಯಬೇಕಿತ್ತು. ಬಿಗಿ ಅಳತೆಯ ರೂಢಿ ಬಾಳಿದ್ದು ಇಂಥ ಬದುಕಿನಲ್ಲಿ.

ನಾವು ತೊಡುವ ಗಾಜಿನ ಬಳೆಗಳಲ್ಲಿ ಬಹುಪಾಲು ಉತ್ತರ ಪ್ರದೇಶದ ಫಿರೋಜಾಬಾದಿನಿಂದ ಬರುತ್ತವೆ. ಅಲ್ಲಿ ಕುಲುಮೆಯಿಂದ ತೆಗೆದ ಕಾದ ಗಾಜನ್ನು ಎಳೆಯಾಗಿ ಎಳೆದು ತಿರುಗುವ ಉರುಳೆಯ ಮೇಲೆ ಸ್ಪ್ರಿಂಗಿನಂತೆ ಸುತ್ತುತ್ತಾರೆ. ಬಳೆಯ ಅಳತೆ ತೀರ್ಮಾನವಾಗುವುದು ಆ ಉರುಳೆಯ ದಪ್ಪದಿಂದ. ಸುರುಳಿಯನ್ನು ಉದ್ದಕ್ಕೆ ಕೊಯ್ದಾಗ ಬಾಯಿ ತೆರೆದ ಬಳೆಗಳು ಬೇರೆಬೇರೆಯಾಗುತ್ತವೆ. ಆ ತುದಿಗಳನ್ನು ಸಮ ಮಾಡಿ, ಜ್ವಾಲೆಗೆ ಹಿಡಿದು, ಒಂದೊಂದಾಗಿ ಬೆಸೆಯುತ್ತಾರೆ. ಈ ಬೆಸುಗೆಯ ಕೆಲಸ ಬಹಳಷ್ಟು ಮನೆಗಳಲ್ಲೇ, ಹೆಂಗಸರ ಕೈಯಲ್ಲೇ ನಡೆಯುತ್ತದೆ. ಕೊಳ್ಳುವಾಗ ಒಳಭಾಗದ ಬೆಸುಗೆಯ ಮೇಲೆ ಉಗುರು ಆಡಿಸಿ ನೋಡಿ. ಅಲ್ಲಿ ಗಂಟು ಉಬ್ಬಿದ್ದರೆ ಸರಿಯಾದ ಅಳತೆಯ ಬಳೆಯೂ ಗೆಣ್ಣಿನ ಬಳಿ ಚರ್ಮವನ್ನು ತರಚುತ್ತದೆ.

ಗಾಜಿಗೊಂದು, ಚಿನ್ನಕ್ಕೊಂದು

ಅರಗಿನ ಬಳೆಯ ಗುಣವೇ ಬೇರೆ. ಹೈದರಾಬಾದಿನ ಚಾರ್‌ಮಿನಾರ್ ಪಕ್ಕದ ಲಾಡ್ ಬಜಾರ್ ಈ ಬಳೆಗೆ ಹೆಸರಾದ ಜಾಗ. ಅರಗು ಬಿಸಿಗೆ ಮೆದುವಾಗುವುದರಿಂದ ಕುಶಲ ಕೈಗಳು ಅದನ್ನು ಕಾಯಿಸಿ ಅಳತೆಯನ್ನು ಒಂದಿಷ್ಟು ಹಿಗ್ಗಿಸಬಲ್ಲವು. ಅದೇ ಕಾರಣಕ್ಕೆ ಅದನ್ನು ತೊಟ್ಟು ಒಲೆಯ ಮುಂದೆ ನಿಲ್ಲಬಾರದು. ಚನ್ನಪಟ್ಟಣದ ಮರದ ಬಳೆ ಹಿಗ್ಗುವುದೂ ಇಲ್ಲ, ಕೈಯನ್ನು ಒತ್ತಿ ಏರಿಸಲು ಬಿಡುವುದೂ ಇಲ್ಲ. ಅದು ದಪ್ಪ ಮತ್ತು ಅಗಲ, ಆದ್ದರಿಂದ ಗಾಜಿನ ಅಳತೆಗಿಂತ ಒಂದು ಅಳತೆ ಮೇಲಿನದನ್ನೇ ನೋಡಿ.

ಚಿನ್ನದಲ್ಲಿ ಅಳತೆಯೆಂದರೆ ದುಡ್ಡು. ದಪ್ಪ ಅಷ್ಟೇ ಇಟ್ಟು 20 ಗ್ರಾಮಿನ ಎರಡು-ನಾಲ್ಕರ ಬಳೆಯನ್ನು ಎರಡು-ಆರಕ್ಕೆ ಏರಿಸಿದರೆ ಒಂದು ಗ್ರಾಮಿಗಿಂತ ತುಸು ಹೆಚ್ಚು ಚಿನ್ನ ಬೇಕು. ಚಿಕ್ಕದು ಕೊಂಡು ಆಮೇಲೆ ಬಿಡಿಸಿ ಸೇರಿಸುವುದಾದರೆ ಕೂಲಿಯೂ ಮೇಲೆ ಬೀಳುತ್ತದೆ. ಧಾರವಾಡ, ಬೆಳಗಾವಿಯ ಕಡೆ ಹಸಿರು ಗಾಜಿನ ನಡುವೆ ಪಾಟ್ಲಿ, ಬಿಲ್ವಾರ ಹಾಕುವವರಿಗೆ ಇನ್ನೊಂದು ಎಚ್ಚರ ಬೇಕು: ಚಿನ್ನ ಮತ್ತು ಗಾಜು ಒಂದೇ ಅಳತೆಯವಿರಲಿ. ಒಂದು ಸಡಿಲವಾದರೆ ಇನ್ನೊಂದರ ಮೇಲೆ ಹತ್ತಿ ಗಾಜನ್ನು ಒಡೆಯುತ್ತದೆ. ಗೆಣ್ಣು ದಪ್ಪಗಿದ್ದು ಮಣಿಕಟ್ಟು ಸಣ್ಣಗಿರುವವರಿಗೆ ತಿರುಪು ಇರುವ, ಬಾಯಿ ತೆರೆಯುವ ಕಡಗವೇ ಸರಿ. ಅದು ಗೆಣ್ಣು ದಾಟಬೇಕಿಲ್ಲ.

ಬಾಯಿ ತೆರೆದ ಕಫ್ ಕಡಗಕ್ಕೂ ಬ್ರೇಸ್‌ಲೆಟ್‌ಗೂ ಅಳೆಯಬೇಕಾದದ್ದು ಮಣಿಕಟ್ಟನ್ನು, ಕಿರುಬೆರಳ ಕಡೆ ಎದ್ದು ಕಾಣುವ ಮೂಳೆಯ ಬಳಿ. ಬ್ರೇಸ್‌ಲೆಟ್‌ಗೆ ಆ ಸುತ್ತಳತೆಯ ಮೇಲೆ ಒಂದೂವರೆ ಸೆಂ.ಮೀ.ನಷ್ಟು ಸಡಿಲ ಕೊಟ್ಟರೆ ಹಿತ. ದಪ್ಪ ಮಣಿಗಳದ್ದಾದರೆ ಇನ್ನೂ ಅರ್ಧ ಸೆಂ.ಮೀ. ಸೇರಿಸಿ. ಕಫ್ ಕಡಗವನ್ನು ಎದುರಿನಿಂದ ಒತ್ತಿ ಹಾಕಬೇಡಿ. ಮಣಿಕಟ್ಟಿನ ಪಕ್ಕದ ತೆಳು ಭಾಗದಿಂದ ಒಂದು ತುದಿಯನ್ನು ತೂರಿಸಿ, ಆಮೇಲೆ ಸುತ್ತ ತಿರುಗಿಸಿ. ಪ್ರತಿಸಲವೂ ಎಳೆದು ಅಗಲಿಸಿ, ಮತ್ತೆ ಒತ್ತಿ ಮುಚ್ಚುತ್ತಿದ್ದರೆ ಲೋಹ ಬಾಗಿದ ಜಾಗದಲ್ಲಿ ಪೆಡಸಾಗುತ್ತ ಹೋಗಿ ಒಂದು ದಿನ ನಡುವೆ ಬಿರುಕು ಬಿಡುತ್ತದೆ. ಬೆಳ್ಳಿಯಾದರೂ ಹಿತ್ತಾಳೆಯಾದರೂ ಅಷ್ಟೇ.

ಉಡುಗೊರೆ ಕೊಡುವವರು ಆಕೆ ಈಗ ತೊಡುತ್ತಿರುವ ಒಂದು ಬಳೆಯ ಒಳ ಅಂತರವನ್ನು ಅಳೆದುಕೊಂಡರೆ ಊಹೆಯ ಕೆಲಸವೇ ಇರುವುದಿಲ್ಲ. ಸೀಮಂತದ ಬಳೆಗೆ ಮಾತ್ರ ಹಳೆಯ ಅಳತೆ ಬೇಡ. ಗರ್ಭಿಣಿಯ ಕೈ ಊದುವುದು ಸಹಜ, ದಿನ ಕಳೆದಂತೆ ಇನ್ನೂ ಊದಬಹುದು. ಒಂದು ಅಳತೆ ದೊಡ್ಡದನ್ನೇ ತನ್ನಿ. ಕೂಸಿನ ಕರಿಬಳೆಯನ್ನು ಆಗಾಗ ತಿರುಗಿಸಿ ನೋಡುತ್ತಿರಿ. ಚರ್ಮದ ಮೇಲೆ ಗುರುತು ಬಿದ್ದಿದ್ದರೆ ಬಳೆ ಬದಲಿಸುವ ಹೊತ್ತು ಬಂದಿದೆ ಎಂದೇ ಅರ್ಥ.

ಇಷ್ಟು ಕಲಿತರೆ ಪೆಟ್ಟಿಗೆಯಲ್ಲಿ ಬರುವ ಬಳೆಯನ್ನು ಧೈರ್ಯವಾಗಿ ಆರಿಸಬಹುದು. ಆದರೆ ಗಾಜಿನ ಬಳೆಯನ್ನು ನೋಯದಂತೆ, ಒಡೆಯದಂತೆ, ಮೈಗೊತ್ತಿ ಕೂರುವಂತೆ ಏರಿಸುವ ವಿದ್ಯೆ ಕೈಯಿಂದ ಕೈಗೆ ಮಾತ್ರ ದಾಟುವಂಥದ್ದು. ನಾವು ಡಜನ್ ಲೆಕ್ಕದಲ್ಲಿ ಕಟ್ಟಿಸಿಕೊಂಡು ಮನೆಗೆ ಒಯ್ದರೆ ಬಳೆಗಾರರಿಗೆ ಮಾರುವ ಕೆಲಸವಷ್ಟೇ ಉಳಿಯುತ್ತದೆ, ತೊಡಿಸುವ ಕೆಲಸ ಅವರ ಮಕ್ಕಳಿಗೆ ಬರುವುದಿಲ್ಲ. ಮದುವೆಗೋ ಹಬ್ಬಕ್ಕೋ ಬಳೆ ಬೇಕಾದಾಗ ಅಂಗಡಿಯಲ್ಲೇ ಕೂತು ತೊಡಿಸಿಕೊಳ್ಳಿ, ಜೊತೆಗೆ ಮನೆಯ ಹೆಣ್ಣುಮಕ್ಕಳನ್ನೂ ಕರೆದೊಯ್ಯಿರಿ. ತೊಡಿಸುವ ಆ ಶ್ರಮಕ್ಕೆ ಬಳೆಯ ಬೆಲೆಯ ಮೇಲೆ ನಾಲ್ಕು ಕಾಸು ಹೆಚ್ಚೇ ಕೊಡೋಣ. ಅದು ನ್ಯಾಯವಾಗಿ ಅವರಿಗೆ ಸಲ್ಲಬೇಕಾದ ಕೂಲಿ.