ಬಾಳೆಯ ತಳಿಯನ್ನು ಶೀತದಲ್ಲಿ ಕಾಪಾಡುವ ಕ್ರಮ

ಚಿತ್ತವಾಡ್ಗಿ, ಕಂಪ್ಲಿ ಪ್ರಾಂತದ ಭೂಮಾಲಿಕರು ತಿಳಿದಿರುವಂತೆ, ತಿನ್ನುವ ಬಾಳೆಯು ಬೀಜದಿಂದಲ್ಲ, ಕಂದಿನಿಂದ ವೃದ್ಧಿಯಾಗತಕ್ಕದ್ದು. ಆದಕಾರಣ ಪನಾಮಾ ಸೊರಗು ರೋಗವು ಹರಡಿದರೆ ತಳಿಯೇ ಅಳಿಯುವ ಭಯವುಂಟು. ನಂಜನಗೂಡಿನ ರಸಬಾಳೆಯೇ ನಿದರ್ಶನ.

ಬೆಲ್ಜಿಯಂ ದೇಶದ ಲ್ಯೂವೆನ್‌ನಲ್ಲಿ 1985ರಲ್ಲಿ ಸ್ಥಾಪಿತವಾದ ತಳಿಭಂಡಾರದಲ್ಲಿ ಇದಕ್ಕೊಂದು ಉಪಾಯವನ್ನು ಅನುಸರಿಸುವರು. ಮೊಳಕೆಯ ಸೂಕ್ಷ್ಮವಾದ ತುದಿಯನ್ನು ಗ್ಲಿಸರಿನ್ ಮೊದಲಾದವು ಬೆರೆತ ಗಾಢದ್ರಾವಣದಲ್ಲಿ ನೆನೆಸಿ, ಅಲ್ಯೂಮಿನಿಯಂ ಹಾಳೆಯ ತುಂಡಿನ ಮೇಲೆ ಹನಿಯೊಳಗಿರಿಸಿ, ಶೂನ್ಯಕ್ಕಿಂತ 196 ಡಿಗ್ರಿ ಸೆಂಟಿಗ್ರೇಡ್ ಕೆಳಗಿರುವ ದ್ರವ ನೈಟ್ರೋಜನ್ನಿನಲ್ಲಿ ಮುಳುಗಿಸುವರು. ನೀರು ಹರಳುಗಟ್ಟಿದರೆ ಜೀವಕೋಶಗಳು ಸೀಳುವುವು. ತೆಳುಹಾಳೆಯ ಮೂಲಕ ಶೀತವು ಕ್ಷಣದಲ್ಲಿ ತಗಲುವುದರಿಂದ ಅದು ಗಾಜಿನಂತೆ ಗಟ್ಟಿಯಾಗುವುದು. ಬೇಕಾದಾಗ ಸಕ್ಕರೆಯ ದ್ರಾವಣದಲ್ಲಿ ಕರಗಿಸಿ ಸಸಿ ಬೆಳೆಸಬಹುದು.

ಈ ಕ್ರಮವು ತಳಿಯನ್ನು ಉಳಿಸುವುದೇ ಹೊರತು ತೋಟದ ರೋಗವನ್ನು ಕಳೆಯದು. ಆದ್ದರಿಂದ ರೋಗ ತಗುಲಿದ ತೋಟದ ಕಂದನ್ನು ಎಂದಿಗೂ ನೆಡತಕ್ಕದ್ದಲ್ಲ.