ಹಳೆಯ ರಿವಾಲ್ವರ್: ಅಸಲಿಯೋ ನಕಲಿಯೋ?

ಸುರಪುರದ ಇತಿಹಾಸ ಓದಿದವರಿಗೆ ಒಂದು ರಿವಾಲ್ವರಿನ ಪ್ರಸಂಗ ಗೊತ್ತಿರುತ್ತದೆ. 1858ರ ಫೆಬ್ರವರಿಯಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದ ರಾಜಾ ವೆಂಕಟಪ್ಪ ನಾಯಕರನ್ನು ಹೈದರಾಬಾದಿನಲ್ಲಿ ಸೆರೆಹಿಡಿದು ವಿಚಾರಣೆ ನಡೆಸಲಾಯಿತು. ಅಲ್ಲಿಂದ ಮದ್ರಾಸಿನ ಕಡೆಗೆ ಸಾಗಿಸುತ್ತಿದ್ದಾಗ, ಬೆಂಗಾವಲಿನ ಅಧಿಕಾರಿಯ ರಿವಾಲ್ವರಿನಿಂದ ಅವರು ಮೃತಪಟ್ಟರೆಂದು ಫಿಲಿಪ್ ಮೆಡೋಸ್ ಟೇಲರ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆ ಗ್ರಂಥ 1877ರಲ್ಲಿ ಪ್ರಕಟವಾಯಿತು. ಘಟನೆ ನಡೆದಾಗ ಟೇಲರ್ ಆ ಸ್ಥಳದಲ್ಲಿರಲಿಲ್ಲ ಎಂಬುದನ್ನೂ ನಾವು ನೆನಪಿಡಬೇಕು.

ಈಗ ಹೀಗೆ ಊಹಿಸಿಕೊಳ್ಳಿ. ಯಾರೋ ಒಬ್ಬರು ತುಕ್ಕು ಹಿಡಿದ ರಿವಾಲ್ವರ್ ತಂದು, "ಇದೇ ಆ ರಿವಾಲ್ವರ್, ಬೆಲೆ ಇಷ್ಟು" ಎನ್ನುತ್ತಾರೆ. ಕೊಳ್ಳುವ ಸಂಗ್ರಾಹಕರು ಅಥವಾ ಶಾಲೆಯ ವಸ್ತುಸಂಗ್ರಹಕ್ಕೆ ಅದನ್ನು ಬಯಸುವ ಅಧ್ಯಾಪಕರು ಏನು ಮಾಡಬೇಕು? ಇಲ್ಲಿ ಎರಡು ಪ್ರಶ್ನೆಗಳಿವೆ. ವಸ್ತು ಆ ಕಾಲದ್ದೇ? ಅದು ಆ ಘಟನೆಯದೇ? ಮೊದಲನೆಯದಕ್ಕೆ ವಿಜ್ಞಾನ ಉತ್ತರಿಸಬಲ್ಲದು. ಎರಡನೆಯದಕ್ಕೆ ವಿಜ್ಞಾನವೊಂದೇ ಸಾಲದು.

ಮೊದಲು ಸುರಕ್ಷತೆ, ಕಾನೂನು

ಹಳೆಯ ಆಯುಧ ಖಾಲಿಯಿದೆ ಎಂದು ಎಂದಿಗೂ ಭಾವಿಸಬೇಡಿ. ಒಣಗಿದ ಸ್ಥಿತಿಯಲ್ಲಿರುವ ಕರಿಮದ್ದು ನೂರಾರು ವರ್ಷಗಳ ನಂತರವೂ ಸಿಡಿಯಬಲ್ಲದು. ತಿಳಿದವರು ಪರಿಶೀಲಿಸಿ ಖಾಲಿಯೆಂದು ಹೇಳುವವರೆಗೆ ಅದನ್ನು ಮುಟ್ಟಬಾರದು. ತರಗತಿಗೆ ತರಲೇಬಾರದು.

ಹಳೆಯದಾದ ಮಾತ್ರಕ್ಕೆ ಲೈಸೆನ್ಸ್ ಬೇಡ ಎಂಬುದು ತಪ್ಪು ಕಲ್ಪನೆ. 1959ರ ಆಯುಧ ಕಾಯ್ದೆ ವಿನಾಯಿತಿ ಕೊಡುವುದು, ರಿಪೇರಿ ಮಾಡಿದರೂ ಗುಂಡು ಹಾರಿಸಲು ಬಾರದಂಥ ಹಳೆಯ ಆಯುಧಗಳಿಗೆ ಮಾತ್ರ. ಇದರ ಜೊತೆಗೆ ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪುರಾವಸ್ತು ಕಾಯ್ದೆಯೂ ಅನ್ವಯಿಸುತ್ತದೆ. ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯಾಗಿ ಹೊರದೇಶಕ್ಕೆ ಕಳಿಸುವಂತಿಲ್ಲ. ಹಣ ಕೊಡುವ ಮೊದಲೇ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ರಚನೆಯೇ ಕಾಲ ಹೇಳುತ್ತದೆ

1858ರಲ್ಲಿ ಇಂಗ್ಲಿಷ್ ಅಧಿಕಾರಿಯ ಬಳಿ ಎಂಥ ರಿವಾಲ್ವರ್ ಇರಬಹುದಿತ್ತು? ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ 1835ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದರು. ಲಂಡನ್ನಿನ ರಾಬರ್ಟ್ ಆಡಮ್ಸ್ 1851ರಲ್ಲಿ ಪ್ರತಿಸ್ಪರ್ಧಿಯಾದರು. ಆರು ಗುಂಡಿನ ಕೋಲ್ಟ್ ನೇವಿಯಲ್ಲಿ ಸಿಲಿಂಡರಿನ ಮೇಲ್ಭಾಗ ತೆರೆದಿರುತ್ತದೆ. ಐದು ಗುಂಡಿನ ಆಡಮ್ಸ್‌ನಲ್ಲಿ ನಳಿಗೆ ಮತ್ತು ಚೌಕಟ್ಟನ್ನು ಒಂದೇ ತುಂಡಾಗಿ ಬಡಿದು ಮಾಡಲಾಗುತ್ತಿತ್ತು. ಎರಡರಲ್ಲೂ ಮದ್ದು, ಗುಂಡುಗಳನ್ನು ಸಿಲಿಂಡರಿನ ಮುಂಭಾಗದಿಂದ ತುಂಬಬೇಕು. ಹಿಂಭಾಗದ ಪ್ರತಿ ಮೊಲೆತೊಟ್ಟಿನಂಥ ಕೊಳವೆಗೆ ಸಿಡಿಯುವ ತಾಮ್ರದ ಕ್ಯಾಪ್ ತೊಡಿಸಬೇಕು.

ಆದ್ದರಿಂದ ನಳಿಗೆಯನ್ನು ಕೆಳಕ್ಕೆ ಬಾಗಿಸಿ ಹಿಂದಿನಿಂದ ಲೋಹದ ತೋಟಾ ತುಂಬುವ ರಿವಾಲ್ವರ್ ಎದುರಿಗಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಅಂಥ ವೆಬ್ಲಿಯನ್ನು ಬ್ರಿಟಿಷ್ ಸೇನೆ ಸ್ವೀಕರಿಸಿದ್ದು 1887ರಲ್ಲಿ. ಹಾಗೆಯೇ ಅಡ್ಡಗೆರೆಗಳ, ಕೂಡು ಚಿಹ್ನೆಯಂಥ ತಲೆಯ ಸ್ಕ್ರೂ 1930ರ ದಶಕದಲ್ಲಿ ಬಳಕೆಗೆ ಬಂದದ್ದು.

ಒಂದು ಲೆಕ್ಕ

ಆ ಕಾಲದ ಇಂಗ್ಲಿಷ್ ರಿವಾಲ್ವರಿನ ಗಾತ್ರವನ್ನು '54 ಬೋರ್' ಎಂಬಂತೆ ಹೇಳುತ್ತಿದ್ದರು. ನಳಿಗೆಗೆ ಸರಿಹೊಂದುವ 54 ಸೀಸದ ಗುಂಡುಗಳು ಒಂದು ಪೌಂಡು ತೂಗುತ್ತವೆ ಎಂದರ್ಥ. ವಿದ್ಯಾರ್ಥಿಗಳಿಂದ ಇದನ್ನು ಲೆಕ್ಕ ಮಾಡಿಸಿ. ಒಂದು ಪೌಂಡು 453.6 ಗ್ರಾಂ, 54ರಿಂದ ಭಾಗಿಸಿದರೆ ಒಂದು ಗುಂಡಿಗೆ 8.4 ಗ್ರಾಂ. ಸೀಸದ ಸಾಂದ್ರತೆ ಘನ ಸೆಂ.ಮೀ.ಗೆ 11.34 ಗ್ರಾಂ. ಹಾಗಾದರೆ ಗುಂಡಿನ ಗಾತ್ರ 0.74 ಘನ ಸೆಂ.ಮೀ. ಗೋಳದ ಸೂತ್ರ ಬಳಸಿದರೆ ವ್ಯಾಸ ಸುಮಾರು 11.2 ಮಿ.ಮೀ. ವರ್ನಿಯರ್ ಕ್ಯಾಲಿಪರಿನ ಅಳತೆ ಇದಕ್ಕೆ ತೀರ ದೂರವಿದ್ದರೆ '54 ಬೋರ್' ಎಂಬ ಹೇಳಿಕೆ ಸುಳ್ಳು.

ಅಳತೆ ಹೊಂದಿದರೆ ಅಸಲಿಯೇ? ಅಲ್ಲ. ಇಟಲಿಯಲ್ಲಿ 1950ರ ದಶಕದ ಕೊನೆಯಿಂದ ತಯಾರಾಗುತ್ತಿರುವ ಕೋಲ್ಟ್ ಪ್ರತಿಕೃತಿಗಳೂ ಅಸಲಿಯ ಅಳತೆಯಲ್ಲೇ ಇರುತ್ತವೆ. ಅಳತೆಯು ನಕಲಿಯನ್ನು ತಳ್ಳಿಹಾಕಬಲ್ಲದು, ಅಸಲಿಯನ್ನು ಸಾಬೀತುಪಡಿಸಲಾರದು.

ಮುದ್ರೆ ಮತ್ತು ಸಂಖ್ಯೆ

ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್‌ಗಳಲ್ಲಿ ಹೆಚ್ಚಿನ ಮದ್ದು ತುಂಬಿ ನಳಿಗೆಯ ಬಲವನ್ನು ಪರೀಕ್ಷಿಸಿ, ಅದರ ಮೇಲೆ ಮುದ್ರೆ ಒತ್ತುತ್ತಿದ್ದರು. ಬೆಲ್ಜಿಯಮಿನ ಲಿಯೇಜ್ ನಗರಕ್ಕೂ ತನ್ನದೇ ಮುದ್ರೆಯಿತ್ತು. ಇಂಗ್ಲೆಂಡಿನಲ್ಲಿ ತಯಾರಾದದ್ದಲ್ಲ ಎಂದು ಇಂಗ್ಲಿಷಿನಲ್ಲಿ ಒತ್ತಿದ ಮುದ್ರೆಯಿದ್ದರೆ, ಆ ರಿವಾಲ್ವರ್ 1925ರ ನಂತರ ಇಂಗ್ಲೆಂಡಿನಲ್ಲಿ ಪರೀಕ್ಷೆಗೆ ಒಳಗಾಗಿದೆ ಎಂದಾಯಿತು.

ಮುದ್ರೆಯನ್ನು ಹತ್ತುಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ನೋಡಿ. ಅಚ್ಚು ಬಡಿದಾಗ ಲೋಹ ಪಕ್ಕಕ್ಕೆ ಸರಿದು ಅಂಚು ಉಬ್ಬುತ್ತದೆ. ಕೊರೆದಾಗ ಲೋಹ ಕಿತ್ತುಹೋಗುತ್ತದೆ. ಸುತ್ತಲಿನ ತುಕ್ಕಿನ ಗುಳಿಗಳನ್ನು ಮುದ್ರೆಯ ಗೆರೆ ಕತ್ತರಿಸಿಕೊಂಡು ಹೋಗಿದ್ದರೆ, ತುಕ್ಕು ಮೊದಲು, ಮುದ್ರೆ ನಂತರ! ಮಾರುವವರು ಮುದ್ರೆಯನ್ನು ಈಚೆಗೆ ಒತ್ತಿಸಿದ್ದಾರೆ ಎಂಬ ಸಂಶಯಕ್ಕೆ ಇದು ಬಲವಾದ ಕಾರಣ.

ಚೌಕಟ್ಟಿನ ಮೇಲಿನ ಸಂಖ್ಯೆ ಮತ್ತು ಸಿಲಿಂಡರಿನ ಸಂಖ್ಯೆ ಹೊಂದಬೇಕು. ಹೊಂದದಿದ್ದರೆ ಬಿಡಿಭಾಗಗಳನ್ನು ಜೋಡಿಸಿರುವ ಸಾಧ್ಯತೆಯಿದೆ. ಸಂಖ್ಯೆಯನ್ನು ಉಜ್ಜಿ ಅಳಿಸಿದ್ದರೂ ಅದು ಪೂರ್ತಿ ಹೋಗಿರುವುದಿಲ್ಲ. ಅಚ್ಚಿನ ಹೊಡೆತಕ್ಕೆ ಕೆಳಗಿನ ಲೋಹದ ಹರಳುಗಳು ವಿರೂಪಗೊಂಡಿರುತ್ತವೆ. ತಾಮ್ರದ ಕ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ದ್ರಾವಣ ಹಚ್ಚಿದಾಗ ಆ ಭಾಗ ಬೇರೆ ವೇಗದಲ್ಲಿ ಕೊರೆದು, ಸಂಖ್ಯೆ ಮತ್ತೆ ಕಾಣಬಹುದು. ಇದು ನ್ಯಾಯವಿಜ್ಞಾನ ಪ್ರಯೋಗಾಲಯದ ಕೆಲಸ, ಮನೆಯಲ್ಲಿ ಮಾಡುವಂಥದ್ದಲ್ಲ.

ಲೋಹ, ತುಕ್ಕು, ಮರ

ಅಯಸ್ಕಾಂತ ಹಿಡಿದು ನೋಡಿ. ಅಲಂಕಾರಕ್ಕೆಂದು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಪ್ರತಿಕೃತಿಗೆ ಅದು ಅಂಟುವುದಿಲ್ಲ. ಇನ್ನೂ ಖಚಿತವಾಗಬೇಕಾದರೆ ಕ್ಷ-ಕಿರಣ ಪ್ರತಿದೀಪ್ತಿ ವಿಧಾನವಿದೆ. ವಸ್ತುವಿಗೆ ಹಾನಿಯಾಗದಂತೆ ಅದರಲ್ಲಿರುವ ಧಾತುಗಳನ್ನು ಅದು ತಿಳಿಸುತ್ತದೆ. ಶೇಕಡ 10ಕ್ಕಿಂತ ಹೆಚ್ಚು ಕ್ರೋಮಿಯಂ ಕಂಡರೆ ಅದು 1858ರ ಉಕ್ಕಲ್ಲ. ತುಕ್ಕು ಹಿಡಿಯದ ಉಕ್ಕು ಬಂದದ್ದು 1913ರ ಸುಮಾರಿಗೆ.

ಸಹಜವಾದ ಸವೆತ ಕೈ ತಾಗುವ ಏಣುಗಳಲ್ಲಿ ಹೆಚ್ಚು, ಸಂದುಗಳಲ್ಲಿ ಕಡಿಮೆ. ಆಮ್ಲ ಅಥವಾ ಉಪ್ಪುನೀರಿನಿಂದ ಬರಿಸಿದ ತುಕ್ಕು ಎಲ್ಲ ಕಡೆ ಒಂದೇ ಸಮನಾಗಿ, ಕೆಂಪಗೆ, ಸಡಿಲವಾಗಿ ಇರುತ್ತದೆ. ತುಕ್ಕೇ ಇಲ್ಲಿ ಸಾಕ್ಷಿಯಾದ್ದರಿಂದ ಅದನ್ನು ಉಜ್ಜಿ ಹೊಳಪು ಕೊಡಬೇಡಿ.

ಹಿಡಿಕೆಯ ಮರಕ್ಕೆ ರೇಡಿಯೋ ಕಾರ್ಬನ್ ಪರೀಕ್ಷೆ ಮಾಡಿಸಬಾರದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಸುಮಾರು 1650ರಿಂದ 1950ರ ನಡುವೆ ವಾತಾವರಣದ ಕಾರ್ಬನ್-14 ಪ್ರಮಾಣ ಏರಿಳಿದಿರುವುದರಿಂದ, ಒಂದೇ ಅಳತೆಗೆ ಹಲವು ಕಾಲಗಳು ಹೊಂದುತ್ತವೆ. ಇಲ್ಲಿ ಅದರಿಂದ ಹೆಚ್ಚು ಪ್ರಯೋಜನವಿಲ್ಲ.

ಕೊನೆಯ ಕೊಂಡಿ

ಎಲ್ಲ ಪರೀಕ್ಷೆಗಳಲ್ಲೂ ಆ ರಿವಾಲ್ವರ್ ಗೆದ್ದಿತೆನ್ನಿ. ಆಗಲೂ ನೀವು ಹೇಳಬಹುದಾದದ್ದು ಇಷ್ಟೇ: ಇದು 1850ರ ದಶಕದ ರಿವಾಲ್ವರ್. ಕಾರ್ಖಾನೆಗಳು ಅಂಥ ಸಾವಿರಾರು ರಿವಾಲ್ವರುಗಳನ್ನು ತಯಾರಿಸಿದ್ದವು. ವೆಂಕಟಪ್ಪ ನಾಯಕರ ಸಾವಿಗೂ ಈ ಒಂದಕ್ಕೂ ನಂಟು ಕಟ್ಟಲು ಆ ಅಧಿಕಾರಿಯ ಹೆಸರಿನೊಡನೆ ಸಂಖ್ಯೆ ನಮೂದಿಸಿದ ಕಾಗದ, ಅಲ್ಲಿಂದ ಇಲ್ಲಿಯವರೆಗೆ ಅದು ಯಾರ ಕೈಯಿಂದ ಯಾರ ಕೈಗೆ ಬಂತೆಂಬ ಬಿಡದ ಸರಪಳಿ ಬೇಕು. ಮಾರುವವರ ಬಾಯಿಮಾತು ಅಥವಾ ಈಚೆಗೆ ಬರೆದ ಪ್ರಮಾಣಪತ್ರ ಆ ಸರಪಳಿಯಾಗುವುದಿಲ್ಲ.

ಮೋಸದಿಂದ ಹೋಗುವುದು ಸಂಗ್ರಾಹಕರ ಹಣ ಮಾತ್ರವಲ್ಲ. ಸುಳ್ಳು ವಸ್ತುವೊಂದು ಗಾಜಿನ ಪೆಟ್ಟಿಗೆ ಸೇರಿದರೆ, ಮುಂದಿನ ಪೀಳಿಗೆ ಅದನ್ನೇ ಇತಿಹಾಸವೆಂದು ಕಲಿಯುತ್ತದೆ. ರಾಜನ ಸಾವಿನಂಥ ವಿಷಯದಲ್ಲಿ ಅದು ಸಣ್ಣ ತಪ್ಪಲ್ಲ. "1850ರ ದಶಕದ ರಿವಾಲ್ವರ್, ಮೂಲ ತಿಳಿಯದು" ಎಂಬ ಚೀಟಿ ಆಕರ್ಷಕವಲ್ಲದಿರಬಹುದು, ಆದರೆ ಅದು ನಿಜ. ಸಾಕ್ಷಿ ಎಷ್ಟು ಹೇಳುತ್ತದೋ ಅಷ್ಟನ್ನೇ ಬರೆಯುವುದನ್ನು ವಿದ್ಯಾರ್ಥಿಗಳಿಗೆ ಕಲಿಸೋಣ.