ಬಕಲ್ ಹಳೆಯದಿರಲಿ, ಪಟ್ಟಿ ಹೊಸದಾಗಲಿ

ಅಮೆರಿಕದಲ್ಲಿ ಹಳೆಯ ಪಿಕಪ್ ಟ್ರಕ್ಕುಗಳಿಗೆ ಮರುಜೀವ ಕೊಡುವುದು ಈಗ ಕೆಲವರ ಹವ್ಯಾಸವಾಗಿಯಷ್ಟೇ ಉಳಿದಿಲ್ಲ. ಅದರ ಸುತ್ತ ಬಿಡಿಭಾಗಗಳ ವ್ಯಾಪಾರಿಗಳು, ಬಣ್ಣ ಹಚ್ಚುವ ಗ್ಯಾರೇಜುಗಳು, ಪ್ರದರ್ಶನಗಳು, ತೀರ್ಪುಗಾರರು ಎಲ್ಲ ಬೆಳೆದುಕೊಂಡಿದ್ದಾರೆ. 1967ರಿಂದ 1972ರವರೆಗಿನ ಶೆವರ್ಲೆ ಸಿ-10, ಅದೇ ಕಾಲದ ಫೋರ್ಡ್ ಎಫ್-100, ಡಾಜ್ ಡಿ-100 ಇವೆಲ್ಲ ಒಂದು ಕಾಲಕ್ಕೆ ಗೊಬ್ಬರ, ಹುಲ್ಲು, ಇಟ್ಟಿಗೆ ಹೊತ್ತು ಹೈರಾಣಾದ ಗಾಡಿಗಳು. ಇಂದು ಅವುಗಳ ಮಾಲೀಕರು ಬಾಗಿಲಿನ ಹಿಡಿಕೆಯ ಸ್ಕ್ರೂ ಕೂಡ ಆ ವರ್ಷದ್ದೇ ಆಗಿರಬೇಕೆಂದು ಊರೂರು ಹುಡುಕುತ್ತಾರೆ. ಈ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಒಂದು ದುಡಿಯುವ ಗಾಡಿಯನ್ನು ಇಷ್ಟು ಅಕ್ಕರೆಯಿಂದ ಕಾಪಾಡುವವರು ಇರುವುದರಿಂದಲೇ ಕಾರ್ಖಾನೆಯ ಚರಿತ್ರೆಯ ಒಂದು ತುಂಡು ಗುಜರಿಗೆ ಹೋಗದೆ ಉಳಿದಿದೆ. ಆದರೆ ಸೀಟ್ ಬೆಲ್ಟಿನ ವಿಷಯಕ್ಕೆ ಬಂದಾಗ ಈ ಶ್ರದ್ಧೆ ದಾರಿ ತಪ್ಪುತ್ತದೆ. ಕೆಲವರು ಐವತ್ತು ವರ್ಷ ಹಳೆಯ ಬೆಲ್ಟನ್ನು ತೊಳೆದು, ಬಕಲಿಗೆ ಹೊಳಪು ಕೊಟ್ಟು ಹಾಗೆಯೇ ಕೂರಿಸುತ್ತಾರೆ. ಇನ್ನು ಕೆಲವರು ಅದನ್ನು ಕಿತ್ತೆಸೆದು ಅಂಗಡಿಯಲ್ಲಿ ಸಿಗುವ ಯಾವುದೋ ಬೆಲ್ಟನ್ನು ಬಿಗಿಯುತ್ತಾರೆ. ಎರಡೂ ಸರಿಯಲ್ಲ. ರಸ್ತೆಗೆ ಇಳಿಯುವ ಟ್ರಕ್ಕಿನಲ್ಲಿ ಬೆಲ್ಟಿನ ಲೋಹದ ಭಾಗ ಉಳಿಯಬೇಕು, ನೇಯ್ದ ಪಟ್ಟಿ ಹೋಗಬೇಕು. ಹಾಗೆ ಪಟ್ಟಿ ಬದಲಿಸಿದ ಬೆಲ್ಟೇ ಹೆಚ್ಚು ಅಸಲಿ ಎಂಬುದು ನನ್ನ ವಾದ.

ಈ ಬೆಲ್ಟುಗಳು ಟ್ರಕ್ಕಿಗೆ ಬಂದದ್ದೇ ತಡವಾಗಿ. ಅಮೆರಿಕದ ಕಾರುಗಳಲ್ಲಿ ನ್ಯಾಶ್ ಕಂಪನಿ 1949ರಲ್ಲೇ ಬೆಲ್ಟ್ ಕೊಡಲು ಹೊರಟಿತ್ತು. 1956ರ ಮಾದರಿಗಳಿಗೆ ಫೋರ್ಡ್ 'ಲೈಫ್‌ಗಾರ್ಡ್' ಹೆಸರಿನಲ್ಲಿ, ಬೇಕಾದವರಿಗೆ ಹೆಚ್ಚಿನ ಹಣಕ್ಕೆ, ಸೊಂಟದ ಬೆಲ್ಟ್ ಮಾರಿತು. ಯುದ್ಧವಿಮಾನದಿಂದ ಪೈಲಟನ್ನು ತುರ್ತಾಗಿ ಹೊರಕ್ಕೆ ಚಿಮ್ಮಿಸುವ ಆಸನದ ಮೇಲೆ ಕೆಲಸ ಮಾಡಿದ್ದ ನಿಲ್ಸ್ ಬೋಲಿನ್ ಸ್ವೀಡನ್ನಿನ ವೋಲ್ವೊದಲ್ಲಿ ಸೊಂಟ ಮತ್ತು ಎದೆ ಎರಡನ್ನೂ ಹಿಡಿಯುವ ಮೂರು ಬಿಂದುಗಳ ಬೆಲ್ಟನ್ನು 1959ರಲ್ಲಿ ತಂದರು. 1965ರಲ್ಲಿ ರಾಲ್ಫ್ ನೇಡರ್ ಅವರ ಪುಸ್ತಕ ಕಾರು ಕಂಪನಿಗಳ ಅಸಡ್ಡೆಯನ್ನು ಬಯಲಿಗೆಳೆಯಿತು, ಮರುವರ್ಷವೇ ವಾಹನ ಸುರಕ್ಷತೆಯ ಕೇಂದ್ರ ಕಾನೂನು ಬಂತು. 1968ರ ಜನವರಿ 1ರಿಂದ ಹೊಸ ಕಾರುಗಳಿಗೆ ಬೆಲ್ಟ್ ಕಡ್ಡಾಯವಾಯಿತು. ಪಿಕಪ್ಪುಗಳಿಗೆ ಆ ನಿಯಮ ವಿಸ್ತರಿಸುವ ಹೊತ್ತಿಗೆ 1970ರ ದಶಕ ಕಾಲಿಟ್ಟಿತ್ತು. ಪಿಕಪ್ ಎಂದರೆ ಆಗ ಸಂಸಾರದ ಗಾಡಿಯಲ್ಲ, ಕೆಲಸದ ಸಲಕರಣೆ. ಹೀಗಾಗಿ ಆ ಕಾಲದ ಟ್ರಕ್ಕುಗಳಲ್ಲಿ ಸಾಮಾನ್ಯವಾಗಿ ಕಾಣುವುದು ನೆಲಕ್ಕೆ ಬೋಲ್ಟ್ ಮಾಡಿದ, ಉದ್ದನೆಯ ಬೆಂಚ್ ಸೀಟಿನ ಸಂದಿಯಿಂದ ಮೇಲೆ ಬರುವ, ಸೊಂಟವನ್ನಷ್ಟೇ ಹಿಡಿಯುವ ಬೆಲ್ಟ್. ಅದನ್ನೂ ಹಾಕುತ್ತಿದ್ದವರು ಕಡಿಮೆ. 1980ರ ದಶಕದ ಆರಂಭದಲ್ಲೂ ಅಮೆರಿಕದಲ್ಲಿ ಬೆಲ್ಟ್ ಧರಿಸುತ್ತಿದ್ದವರು ನೂರಕ್ಕೆ ಹದಿನೈದು ಮಂದಿಯೂ ಇರಲಿಲ್ಲ. ಧರಿಸಲೇಬೇಕೆಂಬ ಮೊದಲ ಕಾನೂನು ನ್ಯೂಯಾರ್ಕ್ ರಾಜ್ಯದಲ್ಲಿ ಬಂದದ್ದು 1984ರಲ್ಲಿ. ಸೀಟಿನಡಿ ಬಿದ್ದಿದ್ದ ಬೆಲ್ಟುಗಳು ಸವೆಯದೆ ಉಳಿದದ್ದು ಹೀಗೆ. ಮೋಸ ಇರುವುದೂ ಅಲ್ಲೇ. ಯಾರೂ ಬಳಸದ ಬೆಲ್ಟ್ ಹೊಸದರಂತೆ ಕಾಣುತ್ತದೆ. ಆದರೆ ನೂಲನ್ನು ಕೆಡಿಸುವುದು ಬಳಕೆಯೊಂದೇ ಅಲ್ಲ, ಕಾಲವೂ ಬಿಸಿಲೂ ಕೆಡಿಸುತ್ತವೆ.

ಅಂಥ ಒಂದು ಬೆಲ್ಟನ್ನು ಬಿಚ್ಚಿ ಮೇಜಿನ ಮೇಲೆ ಹರಡಿ ನೋಡಿದರೆ ವಿಷಯ ಅರ್ಧ ಅಲ್ಲೇ ತಿಳಿಯುತ್ತದೆ. ಸೀಟಿನಡಿ ಮುಚ್ಚಿಕೊಂಡಿದ್ದ ಕೆಳತುದಿಯಲ್ಲಿ ಪಟ್ಟಿಯ ಬಣ್ಣ ಗಾಢವಾಗಿ ಮೆತ್ತಗಿರುತ್ತದೆ. ಕಿಟಕಿಯ ಬಿಸಿಲಿಗೆ ಬಿದ್ದಿದ್ದ ಮೇಲುಭಾಗ ಮಾಸಿ, ಬಿರುಸಾಗಿ, ಅಂಚಿನಲ್ಲಿ ಸಣ್ಣ ಎಳೆಗಳು ಜೂಲಾಗಿ ಎದ್ದಿರುತ್ತವೆ. ಒಂದೇ ಪಟ್ಟಿಯಲ್ಲಿ ಎರಡು ವಯಸ್ಸು. ಪಟ್ಟಿ ಬಕಲಿಗೆ ಸುತ್ತಿ ಮಡಚಿಕೊಳ್ಳುವ ಕಡೆ ದಪ್ಪ ದಾರದ ಹೊಲಿಗೆ, ಅದರ ಹತ್ತಿರ ಒಂದು ಚಿಕ್ಕ ಚೀಟಿ: ತಯಾರಕರ ಹೆಸರು, ಮಾದರಿ, ವರ್ಷ. ಅಮೆರಿಕದ 209ನೇ ಸುರಕ್ಷತಾ ಮಾನಕದ ಪ್ರಕಾರ ಆ ಚೀಟಿ ಇರಲೇಬೇಕು, ಮತ್ತು ಅದು ಬರೀ ವಿಳಾಸವಲ್ಲ, ಒಂದು ಭರವಸೆ. ಸೊಂಟದ ಬೆಲ್ಟಿನ ಪಟ್ಟಿ ಹೊಸದಿದ್ದಾಗ 6,000 ಪೌಂಡ್, ಅಂದರೆ ಸುಮಾರು 2,700 ಕಿಲೋ ಎಳೆತಕ್ಕೂ ಹರಿಯಬಾರದು ಎನ್ನುತ್ತದೆ ಮಾನಕ. ಉಜ್ಜಿ ಸವೆಸುವ ಪರೀಕ್ಷೆಯ ಬಳಿಕ ಬಲದ ಮುಕ್ಕಾಲು ಪಾಲು, ಪ್ರಖರ ಬೆಳಕಿನ ಪರೀಕ್ಷೆಯ ಬಳಿಕ ಶೇ 60ರಷ್ಟು ಉಳಿದಿರಬೇಕು ಎಂದೂ ಹೇಳುತ್ತದೆ. ಬಿಸಿಲಿಗೆ ಪಟ್ಟಿ ದುರ್ಬಲವಾಗುತ್ತದೆ ಎಂದು ನಿಯಮ ಬರೆದವರಿಗೇ ಗೊತ್ತಿತ್ತು. ಅವರು ಅಂದಾಜಿಸಿದ್ದು ಗಾಡಿಯ ಒಂದು ಆಯುಷ್ಯವನ್ನು, ಅರ್ಧ ಶತಮಾನವನ್ನಲ್ಲ.

ಈ ಬಲ ಯಾಕೆ ಬೇಕು ಎಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. ಎಂಬತ್ತು ಕಿಲೋ ತೂಕದ ವ್ಯಕ್ತಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದು, ಡಿಕ್ಕಿಯಾದಾಗ ಅರ್ಧ ಮೀಟರಿನೊಳಗೆ ನಿಂತರೆ, ಅವರನ್ನು ಹಿಡಿದು ನಿಲ್ಲಿಸಲು ಸರಾಸರಿ ಒಂದೂವರೆ ಟನ್ನಿಗೂ ಮಿಕ್ಕ ಬಲ ಬೇಕು. ಆ ಭಾರವನ್ನು ಬೆಲ್ಟಿನ ಎರಡು ಬದಿಗಳು ಹಂಚಿಕೊಳ್ಳುತ್ತವೆ ನಿಜ, ಆದರೆ ಅದು ಸರಾಸರಿ ಮಾತ್ರ. ಕ್ಷಣಮಾತ್ರದ ಗರಿಷ್ಠ ಸೆಳೆತ ಇನ್ನೂ ಹೆಚ್ಚು. ಗಾಡಿಯ ಮೂತಿ ಕಡಿಮೆ ಜಜ್ಜಿಹೋಗಿ ನಿಲ್ಲುವ ದೂರ ಇನ್ನೂ ಚಿಕ್ಕದಾದರೆ ಬಲ ಅದೇ ಪ್ರಮಾಣದಲ್ಲಿ ಏರುತ್ತದೆ, ಹಳೆಯ ಟ್ರಕ್ಕಿನ ಗಟ್ಟಿ ಚಾಸಿಯಲ್ಲಿ ಆಗುವುದೂ ಅದೇ. ನಿಮ್ಮ ಕೈಯಲ್ಲಿರುವ ಆ ಮಾಸಿದ ಪಟ್ಟಿ ಇದನ್ನು ತಡೆಯುತ್ತದೆಯೇ? ನೋಡಿ ಹೇಳಲು ಆಗದು, ಜಗ್ಗಿ ನೋಡಿದರೂ ತಿಳಿಯದು. ಯಂತ್ರಕ್ಕೆ ಕಟ್ಟಿ ಹರಿಯುವವರೆಗೆ ಎಳೆದರೆ ಮಾತ್ರ ಗೊತ್ತಾಗುತ್ತದೆ, ಗೊತ್ತಾಗುವಾಗ ಪಟ್ಟಿ ಇರುವುದಿಲ್ಲ. ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುಳು ಇದು. ಎಂಜಿನ್ನನ್ನು ಚಾಲೂ ಮಾಡಿ ಕೇಳಬಹುದು, ಬ್ರೇಕನ್ನು ಮೈದಾನದಲ್ಲಿ ಒತ್ತಿ ನೋಡಬಹುದು. ಹಳೆಯ ಪಟ್ಟಿಯನ್ನು ಉಳಿಸಿಕೊಂಡೇ ಪರೀಕ್ಷಿಸುವ ದಾರಿ ಇಲ್ಲ. ಬಾವಿಯ ಹಗ್ಗ ಹಳತಾದರೆ, ಇನ್ನೂ ಹರಿದಿಲ್ಲವಲ್ಲ ಎಂದು ಯಾರೂ ಅದಕ್ಕೆ ಕೊಡ ಕಟ್ಟಿ ಇಳಿಬಿಡುವುದಿಲ್ಲ.

ಲೋಹದ ಕಥೆ ಬೇರೆ. ಬಕಲ್, ನಾಲಿಗೆ, ನೆಲಕ್ಕೆ ಬಿಗಿಯುವ ಪಟ್ಟೆ ಇವನ್ನೆಲ್ಲ ಕಣ್ಣಿಟ್ಟು ಪರೀಕ್ಷಿಸಬಹುದು. ತುಕ್ಕು ಮೇಲ್ಮೈಯಲ್ಲಿದೆಯೋ ಒಳಗೆ ತಿಂದಿದೆಯೋ, ಗುಂಡಿ ಒತ್ತಿದರೆ ಕೊಂಡಿ ಸಲೀಸಾಗಿ ಬಿಡುತ್ತದೆಯೋ, ಬಿಟ್ಟ ಮೇಲೆ ಸ್ಪ್ರಿಂಗ್ ಅದನ್ನು ಜಾಗಕ್ಕೆ ತರುತ್ತದೆಯೋ ಎಂದು ನೋಡಲು ಸಾಧ್ಯ. ಒಂದು ಅಪಘಾತ ಕಂಡ ಬೆಲ್ಟಾದರೆ ಲೋಹವನ್ನೂ ನಂಬಬಾರದು, ಪೂರ್ತಿ ಬದಲಿಸಬೇಕು. ಉಳಿದವುಗಳಲ್ಲಿ ಎಚ್ಚರ ಬೇಕಾಗಿರುವುದು ಕ್ರೋಮ್ ಪ್ಲೇಟಿಂಗ್ ವಿಷಯದಲ್ಲಿ. ಹೊಳಪು ಬರಲೆಂದು ಬಕಲನ್ನು ಬಿಚ್ಚಿ ಎಲ್ಲ ಭಾಗಗಳನ್ನೂ ಆಮ್ಲದಲ್ಲಿ ಅದ್ದಿ ಪ್ಲೇಟಿಂಗ್ ಮಾಡಿಸುವವರಿದ್ದಾರೆ. ಆ ಕೆಲಸದಲ್ಲಿ ಹೈಡ್ರೋಜನ್ ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. ಮೆತ್ತನೆಯ ಉಕ್ಕಿಗೆ ಅದರಿಂದ ದೊಡ್ಡ ಬಾಧಕವಿಲ್ಲ. ಹದಗೊಳಿಸಿ ಗಟ್ಟಿ ಮಾಡಿದ ಉಕ್ಕು ಮಾತ್ರ ಪೆಡಸಾಗಿ, ಭಾರ ಬಿದ್ದಾಗ ಬಾಗದೆ ಒಮ್ಮೆಲೇ ಮುರಿಯುತ್ತದೆ. ಪ್ಲೇಟಿಂಗ್ ಆದ ಕೂಡಲೇ ಒಲೆಯಲ್ಲಿಟ್ಟು ಗಂಟೆಗಟ್ಟಲೆ ಕಾಯಿಸಿದರೆ ಈ ದೋಷ ತಗ್ಗುತ್ತದೆ, ಆದರೆ ಅಲಂಕಾರಕ್ಕೆ ಪ್ಲೇಟಿಂಗ್ ಮಾಡುವ ಎಲ್ಲ ಅಂಗಡಿಗಳೂ ಅಷ್ಟು ತಾಳ್ಮೆ ತೋರುವುದಿಲ್ಲ. ಹೊರಗೆ ಕಾಣುವ ಮುಚ್ಚಳಕ್ಕೆ ಕ್ರೋಮ್ ಇರಲಿ. ಭಾರ ಹೊರುವ ಕೊಂಡಿಯನ್ನೂ ಬೋಲ್ಟುಗಳನ್ನೂ ಆ ತೊಟ್ಟಿಗೆ ಇಳಿಸದಿರುವುದೇ ಕ್ಷೇಮ.

ಹೊಸ ಪಟ್ಟಿ ಹಾಕಿದರೆ ಗಾಡಿ ಅಸಲಿ ಹೇಗಾದೀತು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಅದರ ಹಿಂದೆ ಚರಿತ್ರೆಯ ಕಾಳಜಿ ಇದೆ. ಆ ಪಟ್ಟಿಯ ನೇಯ್ಗೆ, ಬಣ್ಣ, ಹೊಲಿಗೆಯ ಮಾದರಿ ಎಲ್ಲವೂ ಆ ಕಾಲದ ಕಾರ್ಖಾನೆಯ ಸಾಕ್ಷ್ಯ. ಹೊಲಿಗೆ ಬಿಚ್ಚಿದರೆ ಮತ್ತೆ ಅದು ಸಿಗದು. ಹಾಗಾಗಿ ಬಹುಪಾಲು ಮೂಲ ಸ್ಥಿತಿಯಲ್ಲೇ ಉಳಿದ, ವಸ್ತುಸಂಗ್ರಹಾಲಯದಲ್ಲಿ ನಿಲ್ಲುವ ಟ್ರಕ್ಕಿನ ಬೆಲ್ಟನ್ನು ಯಾರೂ ಮುಟ್ಟಬಾರದು ಎನ್ನುತ್ತೇನೆ. ಓಡಿಸುವ ಗಾಡಿಗಾದರೋ ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ 'ಫೀವಾ' ರೂಪಿಸಿದ ಟ್ಯೂರಿನ್ ಸನ್ನದು ಒಳ್ಳೆಯ ದಾರಿ ತೋರಿಸಿದೆ: ಮಾಡಿದ ಬದಲಾವಣೆಯನ್ನು ಮುಂದೆ ಹಿಂದಕ್ಕೆ ತಿರುಗಿಸಲು ಬರುವಂತಿರಬೇಕು, ತೆಗೆದ ಮೂಲ ಭಾಗಗಳನ್ನು ಗಾಡಿಯ ಜೊತೆಗೇ ಇಟ್ಟುಕೊಳ್ಳಬೇಕು. ಬಿಚ್ಚುವ ಮೊದಲು ಹೊಲಿಗೆಯನ್ನು ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಹಳೆಯ ಪಟ್ಟಿಯನ್ನು ಅದರ ಚೀಟಿಯ ಸಮೇತ ಬೆಳಕು ಬೀಳದ ಕಡೆ ಎತ್ತಿಟ್ಟರೆ ಸಾಕ್ಷ್ಯ ಕಳೆದುಹೋಗುವುದಿಲ್ಲ. ಬಿಸಿಲಿನಲ್ಲಿ ಇನ್ನಷ್ಟು ಮಾಸುವುದಕ್ಕಿಂತ ಅಲ್ಲಿ ಅದು ಚೆನ್ನಾಗಿಯೇ ಉಳಿಯುತ್ತದೆ. ಆದರೆ ಆ ಹಳೆಯ ಚೀಟಿಯನ್ನು, ಅಥವಾ ಅದರ ನಕಲನ್ನು, ಹೊಸ ಪಟ್ಟಿಗೆ ಹೊಲಿಸುವುದನ್ನು ನಾನು ಒಪ್ಪಲಾರೆ. 1969ರ ಚೀಟಿ ಹೊತ್ತ ಹೊಸ ಪಟ್ಟಿ ಮುಂದಿನ ಮಾಲೀಕನಿಗೆ ಸುಳ್ಳು ಹೇಳುತ್ತದೆ. ಇಪ್ಪತ್ತು ವರ್ಷದ ಮೇಲೆ ಆ ಪಟ್ಟಿಯನ್ನೂ ಬದಲಿಸಬೇಕಾಗಿ ಬಂದಾಗ ಅದರ ನಿಜವಾದ ವಯಸ್ಸು ಯಾರಿಗೂ ತಿಳಿದಿರುವುದಿಲ್ಲ.

ತೀರ್ಪುಗಾರರು ಅಂಕ ಕಳೆಯುತ್ತಾರೆ ಎಂಬ ಭಯವನ್ನೂ ಕೆಲವರು ಮುಂದಿಡುತ್ತಾರೆ. ಅಸಲಿತನವನ್ನು ಕಟ್ಟುನಿಟ್ಟಾಗಿ ನೋಡುವ ಆಂಟಿಕ್ ಆಟೊಮೊಬೈಲ್ ಕ್ಲಬ್ ಆಫ್ ಅಮೆರಿಕ ತನ್ನ ಪ್ರದರ್ಶನಕ್ಕೆ ಬರುವ ಗಾಡಿಗಳಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಬೇಕು ಎನ್ನುತ್ತದೆ. ಕಾರ್ಖಾನೆ ಅದನ್ನು ಕೊಟ್ಟಿರಲಿಲ್ಲ, ಆದರೂ ಅದರಿಂದ ಗಾಡಿಯ ಅಸಲಿತನ ಕೆಟ್ಟಿತೆಂದು ಯಾರೂ ಕೂಗಾಡುವುದಿಲ್ಲ. ಟೈರು, ಬ್ರೇಕಿನ ರಬ್ಬರು, ಪೆಟ್ರೋಲ್ ಪೈಪುಗಳು 1969ರವೇ ಆಗಿರಲಿ ಎಂದು ಹಟ ಹಿಡಿಯುವವರೂ ಇಲ್ಲ, ಯಾಕೆಂದರೆ ಅವು ಕೆಡುವ ವಸ್ತುಗಳು ಎಂಬುದು ಎಲ್ಲರಿಗೂ ಗೊತ್ತು. ಬೆಲ್ಟಿನ ಪಟ್ಟಿಯೂ ಆ ಸಾಲಿಗೇ ಸೇರಿದ್ದು. ಬಣ್ಣ, ಅಗಲ, ನೇಯ್ಗೆ ಹೊಂದುವ ಪಟ್ಟಿ ಸಿಕ್ಕರೆ ಮೂರಡಿ ದೂರದಿಂದ ನೋಡುವವರಿಗೆ ವ್ಯತ್ಯಾಸವೂ ಕಾಣದು.

ಇನ್ನೊಂದು ಮಾತು ಪದೇ ಪದೇ ಕೇಳಿಬರುತ್ತದೆ. ಈ ಟ್ರಕ್ಕುಗಳಲ್ಲಿ ಪೆಟ್ರೋಲ್ ಟ್ಯಾಂಕೇ ಸೀಟಿನ ಹಿಂದೆ, ಕ್ಯಾಬಿನಿನ ಒಳಗಿದೆ. ತಲೆಗೆ ಆಸರೆ ಇಲ್ಲ, ಡ್ಯಾಶ್‌ಬೋರ್ಡು ಉಕ್ಕಿನದು, ವಾರಕ್ಕೊಮ್ಮೆ ನಿಧಾನವಾಗಿ ಓಡಿಸುವ ಗಾಡಿಗೆ ಬೆಲ್ಟ್ ಒಂದನ್ನು ಗಟ್ಟಿ ಮಾಡಿ ಏನು ಪ್ರಯೋಜನ ಎಂದು. ನನಗೆ ಇದು ತಲೆಕೆಳಗಾದ ವಾದ ಎನಿಸುತ್ತದೆ. ಗಾಡಿಯ ಉಳಿದ ಯಾವ ಭಾಗವೂ ಕಾಪಾಡದು ಎಂದಾದರೆ ಕಾಪಾಡಬಲ್ಲ ಒಂದೇ ಒಂದು ಭಾಗದ ಮೇಲೆ ಭಾರ ಹೆಚ್ಚುತ್ತದೆ. ಇನ್ನು, ನಿಧಾನವಾಗಿ ಹೋಗುವುದು ನಮ್ಮ ಕೈಯಲ್ಲಿದೆ, ಎದುರಿನಿಂದ ಬರುವ ಗಾಡಿಯ ವೇಗ ನಮ್ಮ ಕೈಯಲ್ಲಿಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ಅಂದಾಜಿನಂತೆ ಸೊಂಟ-ಭುಜದ ಬೆಲ್ಟ್ ಮುಂದಿನ ಸೀಟಿನವರ ಸಾವಿನ ಅಪಾಯವನ್ನು ಕಾರಿನಲ್ಲಿ ಶೇ 45ರಷ್ಟು ತಗ್ಗಿಸಿದರೆ, ಪಿಕಪ್ಪಿನಂಥ ಲಘು ಟ್ರಕ್ಕುಗಳಲ್ಲಿ ಶೇ 60ರಷ್ಟು ತಗ್ಗಿಸುತ್ತದೆ. ಎತ್ತರದ ಗಾಡಿ ಮಗುಚುವುದು ಹೆಚ್ಚು, ಮಗುಚಿದಾಗ ಬೆಲ್ಟಿಲ್ಲದವರು ಹೊರಗೆ ಎಸೆಯಲ್ಪಡುವುದು ಹೆಚ್ಚು, ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಅದು. ಈ ಅಂಕಿ ಸೊಂಟದ ಬೆಲ್ಟೊಂದಕ್ಕೇ ಹೊಂದುವುದಿಲ್ಲ ಎಂಬುದನ್ನು ಮರೆಯಬಾರದು. ಆದರೆ ಹೊರಗೆ ಬೀಳದಂತೆ ಹಿಡಿಯುವ ಕೆಲಸವನ್ನು ಸೊಂಟದ ಬೆಲ್ಟೂ ಮಾಡುತ್ತದೆ, ಹರಿಯದಿದ್ದರೆ.

ಸೊಂಟದ ಬೆಲ್ಟೇ ಗಾಯ ಮಾಡುತ್ತದೆಯಲ್ಲ ಎನ್ನುವವರ ಮಾತಿನಲ್ಲಿ ಸತ್ಯವಿದೆ. ಭುಜ ಹಿಡಿಯುವ ಪಟ್ಟಿ ಇಲ್ಲದಾಗ ದೇಹ ಸೊಂಟದಲ್ಲಿ ಮಡಚಿ ತಲೆ ಮುಂದಕ್ಕೆ ಅಪ್ಪಳಿಸುತ್ತದೆ. ಬೆಲ್ಟ್ ಹೊಟ್ಟೆಯ ಮೇಲೆ ಜಾರಿದ್ದರೆ ಕರುಳಿಗೂ ಕೆಳಬೆನ್ನಿನ ಮೂಳೆಗೂ ಪೆಟ್ಟು; ಆ ಬಗೆಯ ಮೂಳೆ ಮುರಿತಕ್ಕೆ, 1948ರಲ್ಲಿ ಅದನ್ನು ವಿವರಿಸಿದ ವೈದ್ಯರ ಹೆಸರಿನಿಂದ, ಚಾನ್ಸ್ ಮುರಿತ ಎನ್ನುತ್ತಾರೆ. ಪಟ್ಟಿಯನ್ನು ತೊಡೆಯ ಬುಡದಲ್ಲಿ, ಸೊಂಟದ ಮೂಳೆಯ ಮೇಲೆ ಬಿಗಿಯಾಗಿ ಕೂರಿಸಿದರೆ ಈ ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಮಕ್ಕಳನ್ನು ಇಂಥ ಗಾಡಿಯಲ್ಲಿ ಕೂರಿಸದಿರುವುದೇ ಸರಿ. ದಿನವೂ ಓಡಿಸುವ ಇರಾದೆ ಇದ್ದರೆ ಮೂರು ಬಿಂದುಗಳ ಬೆಲ್ಟನ್ನು ಹಾಕಿಸಬಹುದು, ಒಂದು ಷರತ್ತಿನ ಮೇಲೆ: ಭುಜದ ಬಿಂದು ಭುಜದ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲಿರಬೇಕು, ಅದನ್ನು ಬಿಗಿಯುವ ಕ್ಯಾಬಿನ್ ಕಂಬದ ತಗಡಿನ ಹಿಂದೆ ಗಟ್ಟಿ ಪ್ಲೇಟ್ ಇರಬೇಕು. ಗಿಡ್ಡ ಸೀಟಿನ ಬೆನ್ನಿನ ಮೇಲಿಂದ ಪಟ್ಟಿಯನ್ನು ಕೆಳಗೆ ಎಳೆದು ನೆಲಕ್ಕೆ ಬಿಗಿದರೆ ಡಿಕ್ಕಿಯಲ್ಲಿ ಅದು ಭುಜವನ್ನು ಕೆಳಕ್ಕೆ ಒತ್ತಿ ಬೆನ್ನುಮೂಳೆಯನ್ನು ಅದುಮುತ್ತದೆ.

ಪಟ್ಟಿ ಬದಲಿಸುವುದು ಮನೆಯ ಹೊಲಿಗೆ ಯಂತ್ರದ ಕೆಲಸವಲ್ಲ, ಊರಿನ ಸೀಟ್ ಕವರ್ ಹೊಲಿಯುವವರ ಕೆಲಸವೂ ಅಲ್ಲ. ದಾರದ ದಪ್ಪ, ಹೊಲಿಗೆಯ ಸಂಖ್ಯೆ, ಮಾದರಿ ಎಲ್ಲವೂ ಪಟ್ಟಿಯಷ್ಟೇ ಭಾರ ಹೊರುತ್ತವೆ. ಅಮೆರಿಕದಲ್ಲಿ ಇದನ್ನೇ ವೃತ್ತಿಯಾಗಿ ಮಾಡುವ ಕಾರ್ಯಾಗಾರಗಳಿವೆ. ಯಾವ ಮಾನಕದ ಪಟ್ಟಿ ಬಳಸುತ್ತೀರಿ, ಹೊಲಿದದ್ದನ್ನು ಎಳೆದು ಪರೀಕ್ಷಿಸಿದ್ದೀರಾ ಎಂದು ಕೇಳಿ, ಉತ್ತರ ಬರವಣಿಗೆಯಲ್ಲಿ ಸಿಕ್ಕ ಮೇಲೆ ಕಳಿಸಬೇಕು. ಬಂದ ಮೇಲೆ ಬಣ್ಣ ಹೊಂದಲಿಲ್ಲವೆಂದು ಬ್ಲೀಚನ್ನೋ ಬಣ್ಣದ ನೀರನ್ನೋ ಹಚ್ಚಿದರೆ ಹೊಸ ಪಟ್ಟಿಯೂ ಕೆಡುತ್ತದೆ. ತೊಳೆಯಲು ಸೌಮ್ಯ ಸೋಪು, ಉಗುರುಬೆಚ್ಚಗಿನ ನೀರು ಸಾಕು. ಎಲ್ಲಕ್ಕಿಂತ ಮೊದಲು ಕಾರ್ಪೆಟ್ ಎತ್ತಿ ನೆಲ ನೋಡಬೇಕು. ಈ ಟ್ರಕ್ಕುಗಳು ತುಕ್ಕು ಹಿಡಿಯುವುದೇ ಕ್ಯಾಬಿನಿನ ಮೂಲೆ ಮತ್ತು ನೆಲದಲ್ಲಿ, ಬೆಲ್ಟಿನ ಬೋಲ್ಟುಗಳು ಹಿಡಿದಿರುವುದೂ ಅದೇ ನೆಲವನ್ನು. ಬೋಲ್ಟಿನ ಸುತ್ತ ತಗಡು ಪೊಳ್ಳಾಗಿದ್ದರೆ ದೊಡ್ಡ ವಾಷರ್ ಹಾಕಿ ಮುಚ್ಚಿದರೆ ಆಗದು. ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ, ಅಡಿಯಲ್ಲಿ ಬಲಪಡಿಸುವ ಪ್ಲೇಟ್ ಕೂರಿಸಿದ ಮೇಲೆಯೇ ಬಕಲನ್ನು ಹೊಸ ಪಟ್ಟಿಗೆ ಕಳಿಸಬೇಕು.